ಅಂಗಾಲಿಗೆ ಕೇಳಿದ ಗಂಟೆ

ಬಹಳ ಬಹಳ ಹಿಂದೆ ಕಂಚಿನಕೋಟೆ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಜನ ಹೆದರುತ್ತಿದ್ದದ್ದು ಕತ್ತಲೆಗಲ್ಲ, ಮಟಮಟ ಮಧ್ಯಾಹ್ನಕ್ಕೆ. ಆ ಹೊತ್ತಿಗೆ ಗಂಟಲುಗಳ್ಳನೆಂಬ ಮಾಂತ್ರಿಕ ಬರಿಗಾಲಲ್ಲಿ ಕೋಟೆಯ ಬಾಗಿಲಿಗೆ ಬರುತ್ತಿದ್ದ. ಅವನು ಯಾರ ದನಿ ಕದ್ದರೂ ಅವರು ನಿಂತಲ್ಲೇ ಕಲ್ಲು! ಬಾಗಿಲ ದೊಡ್ಡ ಗಂಟೆ ಬಾರಿಸಿದರೆ ಮಾತ್ರ ಕಿವಿ ಮುಚ್ಚಿಕೊಂಡು ಓಡುತ್ತಿದ್ದ.

ಆ ಗಂಟೆ ಎರಕ ಹೊಯ್ದದ್ದು ಕಾಳಾಚಾರಿಯ ಕಾರ್ಖಾನೆ. ಅಲ್ಲಿಯ ಪದ್ಧತಿ ಕೇಳಿ: ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣದ ಹಾಗೆ ಒಬ್ಬೊಬ್ಬರ ನಡುವೆ ಒಂದೊಂದು ಬಿದಿರ ತಡಿಕೆ. ಮಣ್ಣಿನ ಅಚ್ಚು ಕಟ್ಟುವ ತಿಪ್ಪಕ್ಕನಿಗೆ ಮೇಣದ ಕೆಲಸ ಗೊತ್ತಿಲ್ಲ. ಮೇಣದಲ್ಲಿ ಗಂಟೆಯ ಮಾದರಿ ತಿದ್ದುವ ಈರಜ್ಜನಿಗೆ ಒಲೆಯ ಹದ ಗೊತ್ತಿಲ್ಲ. ತಿದಿ ಒತ್ತಿ ಒಲೆಗೆ ಗಾಳಿ ಊದುವ ಕರಿಯಣ್ಣನಿಗೆ ಸುತ್ತಿಗೆ ಸದ್ದಿಗೇ ಕಿವಿ ಹೋಗಿತ್ತು. ಅವನನ್ನು ಯಾರೂ ಏನೂ ಕೇಳಿದವರಲ್ಲ. "ಎಲ್ಲ ಕಲಿಸಿದರೆ ಕೈತಪ್ಪಿ ಹೋಗ್ತಾರೆ," ಅನ್ನುತ್ತಿದ್ದ ಆಚಾರಿ. ಎಂಥ ಜಾಣತನವೋ!

ಒಂದು ದಿನ ಗಂಟೆ ಸೀಳಿಹೋಯಿತು. ಗಂಟಲುಗಳ್ಳ ನೇರ ಕಾರ್ಖಾನೆಗೇ ನುಗ್ಗಿದ. ಆಚಾರಿ "ಅಯ್ಯೋ" ಅನ್ನುವಷ್ಟರಲ್ಲಿ ಬಾಯಿ ತೆರೆದಂತೆಯೇ ಕಲ್ಲಾದ. ಆಮೇಲೆ ಮಾಂತ್ರಿಕ ತಿಪ್ಪಕ್ಕನ ಮಗಳು ಸಂಪಿಯ ಕತ್ತಿನ ಮೇಲೆ ತಣ್ಣನೆಯ ಬೆರಳಿಟ್ಟ. ಅಲ್ಲೊಂದು ನೀಲಿ ಗುರುತು ಮೂಡಿತು.

"ಮೂರನೆಯ ಮಧ್ಯಾಹ್ನ ಇವಳದು," ಎಂದು ಹೊರಟುಹೋದ.

ತಿಪ್ಪಕ್ಕ ಅಳುತ್ತಾ ಕೂತರೆ ಮಗಳು ಉಳಿಯುತ್ತಾಳೆಯೇ? ಹೊಸ ಗಂಟೆ ಎರೆಯಲು ಎಲ್ಲರೂ ಕೂತರು. ಆದರೆ ರೂಢಿ ಬಿಡಬೇಕಲ್ಲ, ತಮ್ಮ ತಮ್ಮ ತಡಿಕೆಯ ಹಿಂದೆಯೇ ಕೂತರು! ಮಾಯೆಯ ನಾಡು, ಒಂದೇ ದಿನಕ್ಕೆ ಗಂಟೆ ಆಯಿತು. ಮೊದಲನೆಯ ಮಧ್ಯಾಹ್ನ ಬಾರಿಸಿದರೆ ಬರೀ 'ತಟ್' ಎಂದಿತು. ತಿಪ್ಪಕ್ಕನ ಅಚ್ಚು ಈರಜ್ಜನ ಮೇಣಕ್ಕೆ ಹೊಂದಿರಲಿಲ್ಲ. ಬಾಗಿಲ ಕಾವಲುಗಾರ ಕಲ್ಲಾದ.

ತಿಪ್ಪಕ್ಕ ತಡಿಕೆಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದಳು. "ಈರಜ್ಜಾ, ನಿನ್ನ ಕೆಲಸ ನನಗೆ ಕಲಿಸು. ನನ್ನದು ನೀನು ಕಲಿ."

"ಇದು ನಮ್ಮಪ್ಪನ ಗುಟ್ಟು ಕಣವ್ವಾ..."

"ಗುಟ್ಟು ಕಟ್ಟಿಕೊಂಡು ಕಲ್ಲಾಗ್ತೀಯಾ?"

ಅಜ್ಜ ಅವಳ ಬೆರಳು ಹಿಡಿದು ಮೇಣ ತಿದ್ದಿಸಿದ. ಅವಳು ಅಚ್ಚಿನ ಮಣ್ಣು ಕಲಸಿ ತೋರಿಸಿದಳು. ಕರಿಯಣ್ಣ ಒಲೆಯ ಹದ ಹೇಳಿಕೊಟ್ಟ.

ಎರಡನೆಯ ಮಧ್ಯಾಹ್ನ ಗಂಟೆ ಹಳೆಯದರ ಹಾಗೇ ಮೊಳಗಿತು. ಜನ ಹೋ ಎಂದರು. ಗಂಟಲುಗಳ್ಳ ಮಾತ್ರ ಓಡಲಿಲ್ಲ. ತೂಗುವ ಗಂಟೆ ನೋಡಿ ನಕ್ಕ.

"ನೂರು ವರ್ಷದಿಂದ ಅದೇ ದನಿ! ಈ ಸಲ ಕಿವಿಗೆ ಮೇಣ ತುಂಬಿಕೊಂಡೇ ಬಂದಿದ್ದೇನೆ."

ಈರಜ್ಜನತ್ತ ಬೆರಳು ಮಾಡಿದ. ಅಜ್ಜ ಕಲ್ಲಾದ.

ಸಂಪಿಯ ನೀಲಿ ಗುರುತು ಗದ್ದದವರೆಗೂ ಹಬ್ಬಿತು. "ಅವ್ವಾ, ಗಂಟಲು ತಣ್ಣಗಾಗ್ತಿದೆ," ಎಂದಳು. ಕಿವಿ ಮುಚ್ಚಿಕೊಂಡವನಿಗೆ ಯಾವ ಗಂಟೆ ಕೇಳಿಸೀತು?

ಆಗ ತಿಪ್ಪಕ್ಕನ ಕಣ್ಣು ಕರಿಯಣ್ಣನ ಮೇಲೆ ಬಿತ್ತು. ಗಂಟೆ ಮೊಳಗಿದಾಗ ಕಿವಿ ಕೇಳದ ಅವನೂ ಹೋ ಎಂದಿದ್ದ! ನಿನಗೆ ಹೇಗೆ ಗೊತ್ತಾಯಿತು ಅಂತ ಸನ್ನೆ ಮಾಡಿ ಕೇಳಿದಳು.

"ಇಷ್ಟು ವರ್ಷಕ್ಕೆ ಈಗ ಕೇಳಿದೆಯಲ್ಲ ತಂಗೀ!" ಎಂದ ಕರಿಯಣ್ಣ. "ನನಗೆ ಅಂಗಾಲಿಗೆ ಕೇಳ್ತದೆ. ಗಂಟೆ ನೆಲಕ್ಕೆ ಹತ್ತಿರ ಬಂದಷ್ಟೂ ಜೋರು."

ಇಬ್ಬರೂ ಕೆಲಸಕ್ಕೆ ಬಿದ್ದರು. ಈರಜ್ಜ ಕಲ್ಲಾಗಿದ್ದರೂ ಅವನ ಕೆಲಸ ತಿಪ್ಪಕ್ಕನ ಬೆರಳಲ್ಲಿತ್ತು. ಯಾರೂ ಕಂಡಿರದ ಗಂಟೆ ಎರೆದರು: ಅಂಚು ಒಂದು ಗೇಣು ದಪ್ಪ, ಬಾಯಿ ಮೇಲಕ್ಕೆ, ಬುಡ ಕೋಟೆಯ ಬಾಗಿಲ ಮುಂದಿನ ಬಂಡೆಯೊಳಕ್ಕೆ.

ಮೂರನೆಯ ಮಧ್ಯಾಹ್ನ ಗಂಟಲುಗಳ್ಳ ಬಂದ. ಬಾಗಿಲಲ್ಲಿ ನಿಂತಿದ್ದ ಸಂಪಿಯ ಕತ್ತಿಗೆ ಕೈ ಚಾಚಿದ. ಅವಳು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅವಳ ಪಾದ ಆಗಲೇ ಕಲ್ಲಾಗುತ್ತಿತ್ತು. ತಿಪ್ಪಕ್ಕ ಒನಕೆ ಎತ್ತಿ ಗಂಟೆಗೆ ಹೊಡೆದಳು.

ನೆಲವೇ ಗುಂಯ್‌ಗುಟ್ಟಿತು. ಮಾಂತ್ರಿಕ ಕಿವಿ ಒತ್ತಿಕೊಂಡ. ಒಂದು ಕಾಲೆತ್ತಿದ, ಇನ್ನೊಂದು ಕಾಲೆತ್ತಿದ. ಎರಡೂ ಎತ್ತಿ ಎಲ್ಲಿ ನಿಂತಾನು? ನಾದ ಅಂಗಾಲಿನಿಂದ ಎದೆಗೇರಿತು. ಹಸಿ ಮಡಕೆಯ ಹಾಗೆ ಒಡೆದುಹೋದ. ಕದ್ದ ದನಿಗಳೆಲ್ಲ ಹಕ್ಕಿಗಳಂತೆ ಹಾರಿ ತಮ್ಮ ತಮ್ಮ ಗಂಟಲು ಸೇರಿದವು.

"ಅವ್ವಾ!" ಎಂದಳು ಸಂಪಿ. ತಿಪ್ಪಕ್ಕ ಮಗಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು.

ಆಚಾರಿಗೂ ಜೀವ ಬಂತು. "ನನ್ನ ತಡಿಕೆಗಳೆಲ್ಲಿ?"

"ಒಲೆಗೆ ಹೋದವು, ಆಚಾರ್ರೇ," ಎಂದಳು ತಿಪ್ಪಕ್ಕ.

ಮುಂದೆ ಆ ಕಾರ್ಖಾನೆಯ ಗಂಟೆಗೆ ಏಳು ದೇಶದ ವರ್ತಕರು ಸಾಲುಗಟ್ಟಿದರು. ಎಲ್ಲರೂ ಎಲ್ಲ ಕೆಲಸ ಕಲಿತರು, ಹೊಸ ಹೊಸ ಗಂಟೆ ಕಟ್ಟಿದರು, ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನಿದ್ದೆ ಮಾಡಿದರು. ಎಲ್ಲರಿಗಿಂತ ಮೊದಲು ಕಲಿಯಲು ಕೂತವನು ಯಾರು ಗೊತ್ತೇ? ಕಾಳಾಚಾರಿ. ಕರಿಯಣ್ಣನ ಮುಂದೆ, ಚಪ್ಪಲಿ ಬಿಟ್ಟು.