ಫ್ರೀಜರಿನ ಹಳದಿ ಪುಡಿ

ಬ್ರಷ್ಷಿನ ತುದಿಗೆ ಹತ್ತಿದ ಪುಡಿ ವೆನಿಲಾ ವಾಸನೆ ಹೊಡೆಯಿತು. ಅಕ್ಕ ಇನ್ನೊಮ್ಮೆ ಮೂಸಿ ನೋಡಿದಳು. ಹೂವಿನ ಪರಾಗಕ್ಕೆ ವೆನಿಲಾ ವಾಸನೆ ಎಲ್ಲಿಂದ ಬರಬೇಕು?

ಸೀಸೆಯಲ್ಲಿ ಇರಬೇಕಾದದ್ದು ಅಪ್ಪ ಬೆಳೆಸಿದ ಕಡುಗೆಂಪು ಲಿಲಿಯ ಪರಾಗ. ಅಪ್ಪ ಹೋದರು, ಹಿಂದೆಯೇ ಗೆಡ್ಡೆ ಕೊಳೆತು ಗಿಡವೂ ಹೋಯಿತು. ಅದರ ಕೊನೆಯ ಹೂವಿನ ಪರಾಗವನ್ನು ಒಣಗಿಸಿ, ಸೀಸೆಗೆ ತುಂಬಿ, ಅಕ್ಕ ಫ್ರೀಜರಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದಳು. ಬಿಳಿ ಲಿಲಿ ಅರಳಿದಾಗ ಅದಕ್ಕೆ ಸವರಿದರೆ ಅಪ್ಪನ ಕೆಂಪು ಮುಂದಿನ ಗಿಡದಲ್ಲಿ ಬದುಕೀತು. ಬಿಳಿ ಲಿಲಿ ಇವತ್ತೇ ಅರಳಿತ್ತು.

ತಂಗಿಗೆ ಫೋನ್ ಹೋಯಿತು. ತಂಗಿ ಪೊಲೀಸ್ ಇನ್ಸ್‌ಪೆಕ್ಟರ್. ರಜೆಯಲ್ಲಿದ್ದಳು, ಆದರೂ ಓಡಿ ಬಂದಳು.

*

ಇನ್ಸ್‌ಪೆಕ್ಟರ್ ಪುಡಿಯ ಮೇಲೆ ಒಂದು ಹನಿ ನೀರು ಬಿಟ್ಟಳು. ಮಾಸಲು ಪುಡಿ ಗಾಢ ಹಳದಿಗೆ ತಿರುಗಿತು. ಕಸ್ಟರ್ಡ್ ಪುಡಿ!

ಅಕ್ಕನ ಅನುಮಾನ ಎದುರುಮನೆಯ ಔಷಧಿ ಅಂಗಡಿಯವರ ಮೇಲೆ. ಅವರಿಗೂ ಲಿಲಿಯ ಹುಚ್ಚು. ಚೂರು ಪರಾಗ ಕೊಡಿ ಎಂದು ದುಂಬಾಲು ಬಿದ್ದು, ಸಿಗದೆ ನಿನ್ನೆ ಇಲ್ಲಿಂದ ಮುನಿಸಿಕೊಂಡು ಹೋಗಿದ್ದರು. ಇನ್ಸ್‌ಪೆಕ್ಟರ್ ಹೋಗಿ ವಿಚಾರಿಸಿದಳು. ಅವರ ಗಿಡದಲ್ಲಿ ಇನ್ನೂ ಮೊಗ್ಗೇ ಮೂಡಿರಲಿಲ್ಲ. ಪರಾಗ ಹೋಯಿತೆಂದು ಕೇಳಿ ಅವರ ಮುಖವೂ ಪೆಚ್ಚಾಯಿತು.

ವಾಪಸು ಬಂದರೆ ಭಾವ ಪೇಪರ್ ಓದುತ್ತಿದ್ದರು. ಕೊರೆಯುವ ಚಳಿ. ಸದಾ ಮೈಮೇಲಿರುವ ನೀಲಿ ಸ್ವೆಟರ್ ಮಾತ್ರ ಕಾಣಲಿಲ್ಲ.

"ಸ್ವೆಟರ್ ಎಲ್ಲಿ ಭಾವ?"

"ಸೆಕೆ ಕಣಮ್ಮ."

ಹಲ್ಲು ಕಟಕಟ ಎನ್ನುತ್ತಿದ್ದವು.

*

ಕಪಾಟಿನ ಹಿಂದೆ ತುರುಕಿದ್ದ ಸ್ವೆಟರನ್ನು ಇನ್ಸ್‌ಪೆಕ್ಟರ್ ಕೊಡವದೆ, ಮೆಲ್ಲಗೆ ತಂದು ಮೇಜಿನ ಮೇಲಿಟ್ಟಳು. ಎದೆಯ ಭಾಗದಲ್ಲಿ ಹಳದಿ ಧೂಳು.

"ಕಳ್ಳ ಆಗಿದ್ರೆ ಸೀಸೇನೇ ಎತ್ಕೊಂಡು ಹೋಗ್ತಿದ್ದ," ಎಂದಳು. "ಬೇರೆ ಪುಡಿ ತುಂಬಿಸಿಡೋದು, ಅಕ್ಕನಿಗೆ ದಿನಾ ಮುಖ ತೋರಿಸಬೇಕಾದವರು ಮಾತ್ರ."

ಭಾವ ಎಲ್ಲ ಒಪ್ಪಿಕೊಂಡರು. ಸಕ್ಕರೆ ಕಾಯಿಲೆಯೆಂದು ಡಾಕ್ಟರು ಬೇಡವೆಂದಿದ್ದ ಐಸ್‌ಕ್ರೀಮಿಗೆ ನಿನ್ನೆ ಕದ್ದು ಕೈಹಾಕಿದ್ದರು. ಅದರ ಪಕ್ಕದ ಸೀಸೆ ಎದೆಯ ಮೇಲೆ ಉರುಳಿ ಮುಚ್ಚಳ ಕಳಚಿತ್ತು. ಖಾಲಿ ಸೀಸೆಗೆ ಕಸ್ಟರ್ಡ್ ಪುಡಿ ತುಂಬಿಸಿಟ್ಟಿದ್ದರು. ಸ್ವೆಟರನ್ನು ಒಗೆಯಲು ಹಾಕಿದರೆ ಅಕ್ಕನ ಕಣ್ಣಿಗೆ ಬೀಳುತ್ತದೆಂದು ಬಚ್ಚಿಟ್ಟಿದ್ದರು.

"ನಿಮ್ಮಪ್ಪನ್ನ ಇನ್ನೊಂದ್ಸಲ ಕಳೆದುಬಿಟ್ಟೆ ಅಂತ ನಿನಗೆ ಹೇಳೋಕೆ ಬಾಯಿ ಬರಲಿಲ್ಲ ಕಣೆ," ಎಂದರು.

ಅಕ್ಕನಿಗೆ ಅವರನ್ನು ಬೈಯಲು ಪುರುಸೊತ್ತಿರಲಿಲ್ಲ. ಆಗಲೇ ಬ್ರಷ್ ಹಿಡಿದು ಉಣ್ಣೆಯ ಎಳೆಗಳ ಮೇಲೆ ಬಗ್ಗಿದ್ದಳು.

"ನೀರು ತಾಗಿಸದೇ ಇದ್ದಿದ್ದು ಪುಣ್ಯ," ಎಂದಳು. "ತಾಗಿದ್ರೆ ಪರಾಗ ಸತ್ತೇ ಹೋಗ್ತಿತ್ತು."

ಒಂದು ಹೂವಿಗೆ ಸಾಕಾಗುವಷ್ಟು ಸಿಕ್ಕಿತು. ಅಕ್ಕ ಬಿಳಿ ಲಿಲಿಗೆ ಸವರಿದಳು.

*

ಹೂ ಬಾಡಿತು. ಬುಡದಲ್ಲಿ ಹಸಿರು ಕಾಯಿ ಉಬ್ಬುವವರೆಗೂ, ಮತ್ತೆ ಪರಾಗ ಬೇಕಾದೀತೆಂದು ಅಕ್ಕ ಸ್ವೆಟರನ್ನು ಯಾರಿಗೂ ಮುಟ್ಟಗೊಡಲಿಲ್ಲ. ಭಾವ ನಡುಗುತ್ತಲೇ ದಿನ ದೂಡಿದರು.

ಕಾಯಿ ಗಟ್ಟಿಯಾದ ದಿನ ಒಗೆದ ಸ್ವೆಟರನ್ನು ಅಕ್ಕನೇ ಅವರಿಗೆ ತೊಡಿಸಿದಳು. ಆಮೇಲೆ ಫ್ರೀಜರ್ ತೆರೆದಳು.

"ಒಂದೇ ಚಮಚ," ಎಂದು ಐಸ್‌ಕ್ರೀಮ್ ಕೊಟ್ಟಳು.