ಲವಂಗದ ವಾಸನೆಯ ಅಂಟು

“ಆ ಬ್ಲೇಡು ಕೆಳಗಿಡ್ರೀ. ಮೊದಲು ಬ್ಲೇಡು, ಆಮೇಲೆ ಮಾತು.”

ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಅವನು ಬೆಚ್ಚಿ ತಿರುಗಿದ. ಕಾರು ತೊಳೆದು ಹೊಳಪು ಕೊಡುವ ಶೆಡ್ಡಿನ ಬಾಗಿಲಲ್ಲಿ, ಮೊಣಕೈವರೆಗೆ ಸೋಪಿನ ನೊರೆ ಹತ್ತಿಸಿಕೊಂಡು ಅವಳು ನಿಂತಿದ್ದಳು. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೈಯಲ್ಲಿದ್ದ ಬ್ಲೇಡಿನ ಮೇಲಿತ್ತು.

“ನಮ್ಮ ಸರದಿ ಬರೋವರೆಗೆ ಸ್ವಲ್ಪ ಕೆರೆದಿಡೋಣ ಅಂತ...”

“ಅಂಟಿನ ಜೊತೆ ಬಣ್ಣಾನೂ ಬರುತ್ತೆ. ಆಮೇಲೆ ಅಳ್ತಾ ನಮ್ಮ ಹತ್ರಾನೇ ಬರ್ತೀರಿ.”

“ಸದ್ಯ, ನಗ್ತಾನೇ ಬಂದಿದ್ದೀನಿ,” ಅಂದ ಅವನು. ಬ್ಲೇಡನ್ನು ಮಡಚಿ ಅವಳ ಕೈಗೇ ಕೊಟ್ಟ.

ಆಗ ಅವಳು ಅವನ ಮುಖ ನೋಡಿದಳು. ನೋಡಬಾರದಿತ್ತೇನೋ. ಹೇಳಬೇಕೆಂದುಕೊಂಡಿದ್ದ ಇನ್ನೆರಡು ಬೈಗುಳ ಮರೆತೇ ಹೋದವು.

ನೀಲಿ ಕಾರಿನ ಹಿಂಬದಿಯ ಬಣ್ಣದ ಮೇಲೆ ಅರ್ಧ ಹರಿದ ಸ್ಟಿಕ್ಕರ್ ಇತ್ತು. “ಒಳಗೆ ಮಗು ಇದೆ, ನಿಧಾನ.” ಹರಿದ ಕಡೆಯೆಲ್ಲ ಹಳದಿ ಅಂಟು, ಅದರ ಮೇಲೆ ವರ್ಷಗಳ ಧೂಳು.

ಮದುವೆಯಾಗಿದೆ, ಮಗುವೂ ಇದೆ. ಸರಿ, ಕೆಲಸ ನೋಡು... ಎಂದು ತನಗೆ ತಾನೇ ಹೇಳಿಕೊಂಡಳು.

ಹೇರ್ ಡ್ರೈಯರಿನಿಂದ ಬಿಸಿ ಗಾಳಿ ಹಿಡಿದು ಸ್ಟಿಕ್ಕರಿನ ಅಂಚು ಎಬ್ಬಿಸಿದಳು. ಎಳೆಯುವಾಗ ಅವಸರ ಮಾಡಲಿಲ್ಲ. ಉಳಿದ ಅಂಟಿನ ಮೇಲೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಾಸಿ, “ಇನ್ನು ಹತ್ತು ನಿಮಿಷ ಸುಮ್ಮನಿರಬೇಕು. ಅದು ತಾನಾಗೇ ಮೆತ್ತಗಾಗುತ್ತೆ,” ಎಂದಳು.

ಆ ಹತ್ತು ನಿಮಿಷದಲ್ಲಿ ಅವಳು ಅವನ ಬೆರಳುಗಳನ್ನು ಗಮನಿಸಿದಳು. ಉಗುರಿನ ಸಂದಿಯಲ್ಲಿ ಒಣಗಿದ ಬಿಳಿ ಹಕ್ಕಳೆ.

“ಏನು ಕೆಲಸ ನಿಮ್ಮದು?”

“ಪುಸ್ತಕಗಳಿಗೆ ಬೈಂಡಿಂಗ್ ಹಾಕ್ತೀನಿ. ಕಾಲೇಜಿನ ಹಿಂದಿನ ಓಣೀಲಿ.”

“ಅಂದ್ರೆ ದಿನವಿಡೀ ಅಂಟಿಸೋರು. ಅಂಥೋರು ಅಂಟು ಬಿಡಿಸೋಕೆ ಬ್ಲೇಡು ಹಿಡಿದ್ರಲ್ಲ.”

“ಅಂಟಿಸೋದು ಮಾತ್ರ ಗೊತ್ತು. ಬಿಡಿಸೋದು ಇವತ್ತೇ ನೋಡ್ತಿರೋದು.”

ಬಟ್ಟೆ ತೆಗೆದು ಒರೆಸಿದಾಗ ಅಂಟೆಲ್ಲ ಬಂದುಬಿಟ್ಟಿತು. ಆದರೆ ಬಿಸಿಲು ಕಾಣದ ಆ ಜಾಗದಲ್ಲಿ ನೀಲಿ ಇನ್ನೂ ಗಾಢವಾಗಿ, ಸ್ಟಿಕ್ಕರಿನ ಆಕಾರ ಹಾಗೇ ಉಳಿದಿತ್ತು. ಅವನು ಅದರ ಮೇಲೆ ಬೆರಳಾಡಿಸಿದ.

“ಪಾಲಿಶ್ ಹಾಕಿದ್ರೆ ಇದೂ ಮಾಸುತ್ತೆ,” ಎಂದಳು.

“ಬೇಡ. ಇದಿರಲಿ.” ಅವನ ದನಿ ತಗ್ಗಿತು. “ಈಗ ಒಳಗೆ ಮಗು ಇಲ್ಲ. ಅದಕ್ಕೇ ಆ ಬರಹ ತೆಗೆಸಿದೆ.”

ಅವಳು ಪಾಲಿಶ್ ಡಬ್ಬಿಯ ಮುಚ್ಚಳ ಮುಚ್ಚಿದಳು.

ಮನೆಯಲ್ಲೂ ಅದೇ ಯೋಚನೆ. ಮಗುವಿಗೆ ಏನಾಯಿತು? ಅದರ ಅಮ್ಮ ಎಲ್ಲಿದ್ದಾಳೆ? ಅಣ್ಣ ತಟ್ಟೆಯ ಮುಂದೆ ಕೂತು ತನ್ನದೇ ಮಾತಾಡುತ್ತಿದ್ದ.

“ಇನ್ನೊಂದು ಊರಿನ ನಮ್ಮ ಹೊಸ ಶೆಡ್ಡು ತಯಾರಾಗಿದೆ. ನೀನೇ ಹೋಗಿ ನೋಡ್ಕೋಬೇಕು. ಮುಂದಿನ ಶನಿವಾರದೊಳಗೆ ಹೂಂ ಅಥವಾ ಉಹೂಂ. ಕೇಳಿಸ್ತೇನೇ ಪತ್ತೇದಾರಿ?”

ಮೂಸಿ ನೋಡಿಯೇ ಇದು ಯಾವ ಅಂಟು ಎಂದು ಹೇಳುತ್ತಾಳೆಂದು ಅಣ್ಣ ಇಟ್ಟ ಹೆಸರು ಅದು. ಒಂದು ವಾರದ ಹಿಂದೆ ಕೇಳಿದ್ದರೆ ಅವಳು ಕಣ್ಣು ಮುಚ್ಚಿ ಹೂಂ ಅನ್ನುತ್ತಿದ್ದಳು. ಈಗ ಅನ್ನ ಕಲಸುತ್ತಾ ಕೂತಳು.

ನಾಲ್ಕು ದಿನಕ್ಕೆ ನೀಲಿ ಕಾರು ಮತ್ತೆ ಬಂತು. ಬಾಗಿಲ ಮೇಲೆ ಒಂದು ದೊಡ್ಡ ಕಾಗದ.

“ಯಾರೋ ಅಂಟಿಸಿಬಿಟ್ಟಿದ್ದಾರೆ,” ಎಂದ ಅವನು, ಎತ್ತಲೋ ನೋಡುತ್ತಾ.

ಅವಳು ಬಿಡಿಸಿಕೊಟ್ಟಳು. ಮತ್ತೆರಡು ದಿನಕ್ಕೆ, ಗುರುವಾರ, ಇನ್ನೊಂದು ಕಾಗದ. ಈ ಸಲ ಅವಳು ಕಾರನ್ನು ಬಿಟ್ಟು ಹೋಗಲು ಹೇಳಿದಳು. ಎಣ್ಣೆ ಬಳಿದರೆ ಅಂಟು ಜಪ್ಪಯ್ಯ ಅಂದರೂ ಬಿಡಲಿಲ್ಲ. ಬೇಸರದಿಂದ ಬರೀ ನೀರಿನ ಬಟ್ಟೆ ಹಾಕಿದಳು. ಐದೇ ನಿಮಿಷಕ್ಕೆ ಕಾಗದ ಹಾಲಿನ ಕೆನೆಯಂತೆ ಜಾರಿ ಬಂತು.

ಬೀದಿಯಲ್ಲಿ ಅಂಟಿಸುವವರು ಇಂಥ ಅಂಟು ಹಾಕುತ್ತಾರೆಯೇ? ಮೂಗು ಹತ್ತಿರ ತಂದಳು. ಹಿಟ್ಟಿನ ವಾಸನೆ. ಅದರೊಳಗೆ... ಲವಂಗ?

“ಏನೇ, ಕಾರಿನ ಬಾಗಿಲಿಗೆ ಮುತ್ತು ಕೊಡ್ತಿದೀಯಾ?” ಅಣ್ಣ ಹಿಂದಿನಿಂದ ಕೇಳಿದ.

“ಸುಮ್ನಿರೋ ಅಣ್ಣಾ. ಲೆಕ್ಕ ತಪ್ತಿದೆ.”

“ಅಂಟಿನದೋ, ಅಂಟಿಸಿದವನದೋ?”

ಅವಳು ಒದ್ದೆ ಬಟ್ಟೆಯನ್ನು ಅವನ ಮುಖಕ್ಕೆ ಎಸೆದಳು.

ಶುಕ್ರವಾರ ಮಧ್ಯಾಹ್ನ, ಹಾಳೆ ಕಿತ್ತುಹೋದ, ಕಾರಿನ ಬಣ್ಣಗಳ ಪಟ್ಟಿಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಲೇಜಿನ ಹಿಂದಿನ ಓಣಿಗೆ ಹೋದಳು. ನೆಪ ಗಟ್ಟಿಯಾಗಿರಲಿ ಎಂದು ಮನೆಯಲ್ಲೇ ಇನ್ನೆರಡು ಹಾಳೆ ಕಿತ್ತಿದ್ದಳು.

ಅಂಗಡಿ ತುಂಬ ಪುಸ್ತಕಗಳ ರಾಶಿ. ಮೇಜಿನ ಮೇಲೆ ಬಟ್ಟಲು, ಬಟ್ಟಲಲ್ಲಿ ಬಿಳಿ ಗಂಜಿಯಂಥ ಅಂಟು. ಅವನು ಏಳುವ ಮೊದಲೇ ಅವಳು ಬೆರಳದ್ದಿ ಮೂಸಿದಳು.

“ಲವಂಗ ಯಾಕೆ ಹಾಕ್ತೀರಿ?”

“ಹುಳ ಬರದಿರಲಿ ಅಂತ, ಎಣ್ಣೆ ಎರಡು ಹನಿ...” ಅನ್ನುತ್ತಿದ್ದವನು ಅಲ್ಲಿಗೇ ನಿಂತುಬಿಟ್ಟ. ಕಿವಿ ಕೆಂಪಾದವು.

“ನಿಮ್ಮ ಕಾರಿಗೆ ಕಾಗದ ಅಂಟಿಸೋ ಆ ‘ಯಾರೋ’ ಬಹಳ ಒಳ್ಳೆಯವರು,” ಎಂದಳು ಅವಳು. “ಬಣ್ಣಕ್ಕೆ ಒಂದು ಗೀರೂ ಬೀಳದ ಅಂಟೇ ಹುಡುಕಿ ಹಾಕಿದ್ದಾರೆ.”

“ಬಣ್ಣ ಹಾಳಾದ್ರೆ ನೀವು ಬೈತೀರಲ್ಲ.”

ಅವಳಿಗೆ ನಗು ಬಂತು, ಆದರೆ ನಗಲಿಲ್ಲ. “ನಿಮ್ಮ ಹೆಂಡತಿಗೆ ಇದು ಗೊತ್ತಾ?”

“ಯಾರ ಹೆಂಡತಿ?”

“ಆ ಮಗುವಿನ ಅಮ್ಮ.”

ಅವನು ಗೋಡೆಯ ಕಡೆ ಕೈ ತೋರಿಸಿದ. ಅಲ್ಲೊಂದು ಚಿತ್ರ: ನೀಲಿ ಕಾರು, ಕಿಟಕಿಯಲ್ಲಿ ಎರಡು ತಲೆ, ಕೆಳಗೆ ಸೊಟ್ಟ ಅಕ್ಷರ, “ಮಾಮ ಮತ್ತು ನಾನು.”

“ಅಕ್ಕನ ಮಗಳು. ಕಾರೂ ಅಕ್ಕನದೇ. ಐದು ವರ್ಷ ದಿನಾ ನಾನೇ ಅವಳನ್ನ ಕರ್ಕೊಂಡು ಓಡಾಡ್ತಿದ್ದೆ. ಭಾವನಿಗೆ ಬೇರೆ ಊರಲ್ಲಿ ಕೆಲಸ ಆಯ್ತು, ಹೋದ್ರು, ಕಾರು ನನಗೆ ಬಿಟ್ರು. ಖಾಲಿ ಕಾರಲ್ಲಿ ಆ ಬರಹ ನೋಡೋಕಾಗ್ತಿರಲಿಲ್ಲ. ಗುರುತು ಮಾತ್ರ ಇರಲಿ ಅಂದೆ.”

ಒಂದು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಆದರೆ ನಾಳೆ ಶನಿವಾರ.

“ಅಣ್ಣ ನನ್ನನ್ನ ಇನ್ನೊಂದು ಊರಿಗೆ ಕಳಿಸ್ತಿದ್ದಾನೆ. ನಾಳೆ ಉತ್ತರ ಹೇಳಬೇಕು.”

ಅವನ ಕೈಯಲ್ಲಿದ್ದ ಕುಂಚದಿಂದ ಒಂದು ಹನಿ ಮೇಜಿನ ಮೇಲೆ ಬಿತ್ತು.

“ಹೋಗಬೇಡಿ ಅನ್ನೋಕೆ ನಾನ್ಯಾರು,” ಎಂದ ಮೆಲ್ಲಗೆ. “ಆದರೆ ನೀವು ಇಲ್ಲಿಲ್ಲ ಅಂದ್ರೆ ನಾನು ಕಾಗದ ಅಂಟಿಸ್ಕೊಂಡು ಎಲ್ಲಿಗೆ ಹೋಗಲಿ? ನನಗೆ ನೀವಂದ್ರೆ ಇಷ್ಟ. ಬ್ಲೇಡು ಕಿತ್ಕೊಂಡ ದಿನದಿಂದ.”

ಅವಳು ಪುಸ್ತಕವನ್ನು ಅವನ ಮುಂದಿಟ್ಟು, “ಗಟ್ಟಿಯಾಗಿ ಹೊಲೀರಿ. ಬಹಳ ವರ್ಷ ಬೇಕು,” ಎಂದಷ್ಟೇ ಹೇಳಿ ಹೊರಟಳು.

ಶನಿವಾರ ಬೆಳಿಗ್ಗೆ ಅಣ್ಣನಿಗೆ ಉತ್ತರ ಕೊಟ್ಟಳು. “ಹೊಸ ಶೆಡ್ಡಿಗೆ ನೀನೂ ಅತ್ತಿಗೆನೂ ಹೋಗಿ. ಇದನ್ನ ನನಗೆ ಬಿಡು. ನಾಲ್ಕು ವರ್ಷದಿಂದ ಕೆಲಸ ನಡೆಸ್ತಿರೋಳು ನಾನೇ ತಾನೆ.”

ಅಣ್ಣ ತಲೆ ಕೆರೆದುಕೊಂಡ. “ಅಂತೂ ಲೆಕ್ಕ ಸರಿಹೋಯ್ತು ಅನ್ನು,” ಎಂದು ಬೀಗದ ಕೈ ಗೊಂಚಲನ್ನು ಅವಳ ಕೈಗೆ ಹಾಕಿದ.

ಹನ್ನೊಂದು ಗಂಟೆಗೆ ನೀಲಿ ಕಾರು ಬಂತು. ಅವಳು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಎಲ್ಲೂ ಒಂದು ಚೂರು ಕಾಗದವಿಲ್ಲ.

“ಇವತ್ತು ಏನೂ ಅಂಟಿಸಿಕೊಂಡು ಬಂದಿಲ್ವಾ?”

“ಇಲ್ಲ. ನೀವು ಇದ್ದೀರಾ, ಹೊರಟ್ರಾ ನೋಡೋಣ ಅಂತ ಬಂದೆ.”

ಅವಳು ಬೀಗದ ಕೈ ಗೊಂಚಲನ್ನು ಎತ್ತಿ ಅಲ್ಲಾಡಿಸಿದಳು. ಅರ್ಥವಾಗಲು ಅವನಿಗೆ ಕೊಂಚ ಹೊತ್ತು ಬೇಕಾಯಿತು. ಆಮೇಲೆ ಅವನು ಕಾರಿಗೇ ಒರಗಿ ನಿಂತುಬಿಟ್ಟ.

“ಮುಂದಿನ ತಿಂಗಳು ರಜಕ್ಕೆ ಅಕ್ಕನ ಮಗಳು ಬರ್ತಾಳೆ,” ಎಂದ. “ನಿಮ್ಮನ್ನ ಯಾರು ಅಂತ ಹೇಳಲಿ?”

“ಮಾಮನ ಬ್ಲೇಡು ಕಿತ್ಕೊಂಡೋಳು ಅನ್ನಿ.”

“ಅವಳು ಅಷ್ಟಕ್ಕೆ ಬಿಡೋಳಲ್ಲ. ನಿಮ್ಮ ಥರಾನೇ, ಎಲ್ಲಾ ಕೇಳ್ತಾಳೆ.”

ಅವಳು ತಗ್ಗಿ, ಕಾರಿನ ಹಿಂದಿನ ಆ ಗಾಢ ನೀಲಿ ಗುರುತನ್ನು ಸೆರಗಿನ ತುದಿಯಿಂದ ಒರೆಸಿದಳು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

“ಹಾಗಾದ್ರೆ,” ಎಂದಳು ತಲೆ ಎತ್ತದೆ, “ಅತ್ತೆ ಅಂತ ಹೇಳಿಬಿಡಿ.”