ಕತ್ತಿನ ಪಟ್ಟಿ ಬಿಚ್ಚಿದ ದಿನ

ಬೆಳಗಿನಿಂದ ಹದಿನಾಲ್ಕು ಬೆನ್ನು, ಆರು ಮಂಡಿ ತಿದ್ದಿ ಫಿಸಿಯೋಥೆರಪಿಸ್ಟ್ ಹೈರಾಣಾಗಿದ್ದಳು. ಮನೆಗೆ ಹೋದರೆ ಹಾಸಿಗೆ ಹಿಡಿದ ಅಮ್ಮನನ್ನು ಎತ್ತಿ ಕೂರಿಸಬೇಕು. ಊರವರ ಬೆನ್ನೆಲ್ಲ ನೆಟ್ಟಗೆ ಮಾಡುವವಳಿಗೇ ಬೆನ್ನುನೋವು ಎಂದರೆ ನಂಬುವವರು ಯಾರು? ಆದರೂ ಸಂಜೆ ಐದರ ಪೇಷಂಟ್ ಬರುವ ಮೊದಲು ಕನ್ನಡಿ ನೋಡಿಕೊಂಡಳು, ನೋಡಿಕೊಂಡಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಆತ ಲಿಫ್ಟ್ ಮೆಕ್ಯಾನಿಕ್. ಏಣಿಯಿಂದ ಬಿದ್ದಾಗ ಕತ್ತಿನ ಮೂಳೆ ಮುರಿದಿರಲಿಲ್ಲ. ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಲಿಗಮೆಂಟ್ ಅರ್ಧ ಹರಿದಿತ್ತು. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಒಂಬತ್ತು ವಾರ ಪಟ್ಟಿ ಹಾಕಿ, ನೋವು ಹೋದ ಮೇಲೆ ಕತ್ತನ್ನು ಹಿಂದೆ ಮುಂದೆ ಬಗ್ಗಿಸಿ ಮತ್ತೆ ಎಕ್ಸ್‌ರೇ ಚಿತ್ರ ತೆಗೆಯಬೇಕು. ಲಿಗಮೆಂಟ್ ಕೂಡದೆ ಮೂಳೆ ಜಾರಿದರೆ ಆಪರೇಷನ್, ಏಣಿ ಹತ್ತುವ ಕೆಲಸಕ್ಕೂ ಎಳ್ಳುನೀರು. ಲಿಫ್ಟಿನ ಹಗ್ಗವೂ ಹಾಗೇ, ಭಾರ ಬಿದ್ದ ಮೇಲೇ ಗೊತ್ತಾಗುವುದು ಎಂದು ಆತ ನಕ್ಕಿದ್ದ.

ಒಂಬತ್ತು ವಾರ ಕಳೆದರೂ ನೋವಿದೆ ಎಂದ. ಹತ್ತಕ್ಕೂ ಅದೇ ಮಾತು, ಹನ್ನೊಂದಕ್ಕೂ ಅದೇ. ಇನ್ನು ಕಾಯುವುದು ಬೇಡವೆಂದು ಡಾಕ್ಟರ್ ಇವತ್ತು ಚಿತ್ರ ತೆಗೆಸಿದರು.

ಮೂಳೆ ಕೂದಲೆಳೆಯಷ್ಟೂ ಜಾರಿರಲಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ, ನಾಳೆಯಿಂದ ಐದು ಗಂಟೆಗೆ ಈತ ಬರುವುದಿಲ್ಲ ಎಂಬುದೂ ಹೊಳೆದು ಸಂಕಟವಾಯಿತು. ಪಟ್ಟಿ ಬಿಚ್ಚಿದಳು.

"ಇಷ್ಟು ಗಟ್ಟಿ ಇರೋ ಕತ್ತಲ್ಲಿ ನೋವು ಎಲ್ಲಿಂದ ಬಂತು?"

ಆತ ಎದುರಿನ ಕಿಟಕಿ ನೋಡುತ್ತ ಕೂತಿದ್ದ. ಆಮೇಲೆ ಮೂರು ತಿಂಗಳಲ್ಲಿ ಮೊದಲ ಸಲ, ಮೈ ತಿರುಗಿಸದೆ ಕತ್ತು ಮಾತ್ರ ಹೊರಳಿಸಿ ಅವಳನ್ನು ನೋಡಿದ.

"ನೋವು ಹೋಗಿ ಮೂರು ವಾರ ಆಯ್ತು. ಹೇಳಿದ್ರೆ ನೀವು ಕಳಿಸಿಬಿಡ್ತಿದ್ರಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಆಪರೇಷನ್ ಆಗತ್ತೇನೋ ಅಂತ ಮೂರು ವಾರ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ, ಗೊತ್ತಾ?" ಎಂದವಳು ನಾಲಿಗೆ ಕಚ್ಚಿಕೊಂಡಳು. ಯಾವ ಪೇಷಂಟಿಗಾಗಿಯೂ ನಿದ್ದೆಗೆಟ್ಟವಳಲ್ಲ ಅವಳು. ಅದು ಆತನಿಗೂ ಅರ್ಥವಾಯಿತು, ನಗಲಿಲ್ಲ.

"ತಪ್ಪಾಯ್ತು. ಸ್ವಲ್ಪ ಕೂತ್ಕೊಳ್ಳಿ. ನೀವು ಕೂತಿದ್ದನ್ನೇ ನಾನು ಇಲ್ಲೀವರೆಗೂ ನೋಡಿಲ್ಲ."

ಬೈಯಲೂ ತ್ರಾಣವಿಲ್ಲದೆ ಬೆಂಚಿನ ಮೇಲೆ ಆತನ ಪಕ್ಕದಲ್ಲಿ ಕೂತಳು. ಯಾವಾಗ ತಲೆ ಆತನ ಭುಜಕ್ಕೆ ವಾಲಿತೋ ತಿಳಿಯಲಿಲ್ಲ. ಬೆಚ್ಚಿ ಎತ್ತಿದಳು. ಈಗಷ್ಟೇ ವಾಸಿಯಾದ ಕತ್ತು, ಭಾರ ಹಾಕಬಾರದು ಎಂದು ಗೊಣಗಿದಳು.

"ಬಗ್ಗಿಸಿ ನೋಡಿ ಆಯ್ತಲ್ಲ," ಎಂದ ಆತ ಮೆಲ್ಲಗೆ. "ಜಾರಲ್ಲ."

ಅವಳು ಮತ್ತೆ ತಲೆಯಿಟ್ಟಳು.